ಒಂದೇ ಎಂಜಿನ್ನಿನ ಉಸಿರು

ಮಾರ್ಚ್ ೧೯, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಿನಗೂ ಭಾವನಿಗೂ ನಮಸ್ಕಾರ. ನಿನ್ನ ಪತ್ರಗಳೆಲ್ಲ ನಮ್ಮೂರಿನ ಅಂಚೆಯಿಂದ ಸುತ್ತಿ ಬಳಸಿ, ಒಟ್ಟಿಗೇ ಇಲ್ಲಿಗೆ ಬಂದು ಬಿದ್ದವು. ಕೊನೆಯದರಲ್ಲಿ ಚೆನ್ನಾಗಿ ಬೈದಿದ್ದೀಯ. ಅದನ್ನೇ ಎರಡು ಸಲ ಓದಿದೆ. ಯಾರಾದರೂ ಹಕ್ಕಿನಿಂದ ಬೈದು ಬಹಳ ದಿನವಾಗಿತ್ತು, ಹಿತವಾಯಿತು. ಬರೆಯದೇ ಇದ್ದದ್ದಕ್ಕೆ ಕ್ಷಮಿಸು. "ಪ್ರೀತಿಯ ಅಕ್ಕಾ" ಎಂದು ಬರೆದು, ಮುಂದಕ್ಕೆ ಕೈ ಓಡದೆ, ಕಾಗದ ಮಡಿಸಿಟ್ಟು ಎದ್ದುಹೋದದ್ದು ಎಷ್ಟು ಸಲವೋ.

ನಿನಗೆ ಬೇಕಾದ ಸುದ್ದಿಯನ್ನು ಮೊದಲು ಹೇಳಿಬಿಡುತ್ತೇನೆ. ನಾವಿಬ್ಬರೂ ಬದುಕಿದ್ದೇವೆ. ಬೆಟ್ಟ ದಾಟಿ ಕೆಳಗೆ ಬಂದಿದ್ದೇವೆ. ಇವರು ಚೆನ್ನಾಗಿ ಉಸಿರಾಡುತ್ತಿದ್ದಾರೆ. ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ, ಹೊಲಿಗೆ ಅಂಗಡಿಯ ಮಾಳಿಗೆಯಲ್ಲಿ ಒಂದು ಕೋಣೆ ಹಿಡಿದಿದ್ದೇನೆ. ಕೆಳಗೆ ಮಿಷನ್ನು ಓಡಿದಾಗಲೆಲ್ಲ ನೆಲ ಸಣ್ಣಗೆ ನಡುಗುತ್ತದೆ. ಎಂಜಿನ್ ಚಾಲೂ ಆಯಿತೇನೋ ಎಂದು ಬೆಚ್ಚಿಬೀಳುತ್ತೇನೆ.

ನಮ್ಮ ವಿಮಾನವನ್ನು ನೀನು ನೋಡಿದ್ದೀಯ. ಒಮ್ಮೆ ಹತ್ತಿ ಕೂತು "ಇದೇನೇ ಇದು, ಕಾರಿಗಿಂತ ಇಕ್ಕಟ್ಟು" ಎಂದು ಮೂಗು ಮುರಿದಿದ್ದೆ. ಆರು ಸೀಟು, ಮೂತಿಯಲ್ಲಿ ಒಂದೇ ಎಂಜಿನ್. ಆದರೆ ಆ ಇಕ್ಕಟ್ಟಿಗೂ ಒಂದು ದೊಡ್ಡಸ್ತಿಕೆಯಿತ್ತು. ಎಂಜಿನ್ನಿನ ಬಿಸಿ ಹೊಗೆಯಿಂದ ತಿರುಗುವ ಟರ್ಬೊ ಹೊರಗಿನ ತೆಳು ಗಾಳಿಯನ್ನು ಒತ್ತಿ, ಅರ್ಧ ಎಂಜಿನ್ನಿಗೆ ಉಣಿಸಿ ಅರ್ಧ ನಮಗೆ ಕೊಡುತ್ತದೆ. ಬಾಗಿಲ ಸುತ್ತಿನ ರಬ್ಬರು ಉಬ್ಬಿ ಕೂತರೆ ಗಾಳಿ ಒಳಗೇ ದಟ್ಟವಾಗಿ ನಿಲ್ಲುತ್ತದೆ. ಎಷ್ಟೇ ಮೇಲೆ ಹೋದರೂ ಮನೆಯಲ್ಲಿ ಕೂತಂತೆ ಕೂರಬಹುದು. ಗಣಿಯ ಎಂಜಿನಿಯರುಗಳನ್ನು, ತುಂಬು ಬಸುರಿಯರನ್ನು, ಕೈ ಮುರಿದುಕೊಂಡವರನ್ನು ಬೆಟ್ಟ ದಾಟಿಸಿಯೇ ನಾವು ಸಂಸಾರ ಮಾಡಿದ್ದು. ಹಾರಿಸುತ್ತಿದ್ದವರು ಇವರು, ಪಕ್ಕದಲ್ಲಿ ನಾನು. ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗುವ ಕಾಯಿಲೆ ಬಂದು ಇವರ ಲೈಸೆನ್ಸು ಹೋದ ಮೇಲೆ ಸೀಟು ಅದಲುಬದಲಾಯಿತು. "ಇನ್ಮೇಲೆ ನೀನು ಡ್ರೈವರು ಕಣೇ, ನಾನು ಕ್ಲೀನರು" ಎಂದು ನಕ್ಕಿದ್ದರು. ಆ ನಗುವಿಗೂ ಕೆಮ್ಮು ಅಡ್ಡ ಬಂತು.

ನಮ್ಮೂರಿನ ಎತ್ತರವೇ ಇವರಿಗೆ ಶತ್ರುವಾಯಿತು. ಮಂಚದಿಂದ ಕಿಟಕಿಗೆ ನಡೆದರೆ ತುಟಿ ನೀಲಿಯಾಗುತ್ತಿತ್ತು. ಒಂದು ದಿನ ಬಾಗಿಲಿನ ರಬ್ಬರು ಬದಲಾಯಿಸಿ ಪರೀಕ್ಷೆಗೆಂದು ಹಾರುವಾಗ ಇವರನ್ನೂ ಕೂರಿಸಿಕೊಂಡೆ. ಊರ ಮೇಲೇ, ಅಷ್ಟೇನೂ ಎತ್ತರವಿಲ್ಲದಲ್ಲಿ, ಒಳಗಿನ ಗಾಳಿಯನ್ನು ಸಮುದ್ರಮಟ್ಟಕ್ಕೆ ಬರುವಂತೆ ಗುಂಡಿ ತಿರುಗಿಸಿದೆ. ಅಕ್ಕಾ, ಕಣ್ಣೆದುರೇ ತುಟಿ ಕೆಂಪಾಯಿತು. ಎಲ್ಲೂ ನಿಲ್ಲಿಸದೆ ಒಂದು ಪೋಲಿ ಜೋಕು ಹೇಳಿ ಮುಗಿಸಿದರು. ನಾನು ಅತ್ತುಬಿಟ್ಟೆ. "ಅಷ್ಟು ಕೆಟ್ಟದಾಗಿತ್ತೇನೇ ಜೋಕು?" ಎಂದರು.

ಆಮೇಲೆ ಪೆಟ್ರೋಲು ಸಿಕ್ಕಾಗಲೆಲ್ಲ ಉಸಿರಾಡಿಸಲೆಂದೇ ಮೇಲಕ್ಕೆ ಕರೆದೊಯ್ಯುತ್ತಿದ್ದೆ. ಕಷ್ಟ ಇಳಿಯುವಾಗ. ನೆಲ ಮುಟ್ಟುವುದಕ್ಕೆ ಮುಂಚೆ ಒಳಗಿನ ಗಾಳಿಯನ್ನು ಹೊರಗಿನಷ್ಟೇ ತೆಳುವಾಗಲು ಬಿಡಬೇಕು, ಇಲ್ಲವಾದರೆ ಬಾಗಿಲು ತೆಗೆಯುವಂತಿಲ್ಲ. ಆ ಗುಂಡಿಯನ್ನು ತಿರುಗಿಸುವವಳು ನಾನೇ. ಇವರು ಕಣ್ಣು ಮುಚ್ಚಿ, ನನ್ನ ಮೊಣಕಾಲ ಮೇಲೆ ಕೈಯಿಟ್ಟು, "ನಿಧಾನ... ನಿಧಾನ" ಎನ್ನುತ್ತಿದ್ದರು.

ಕೆಳಗಿನ ಸೀಮೆಗೆ ಹೋಗಿಬಿಡೋಣ ಎಂದು ಎಷ್ಟು ಗೋಗರೆದರೂ ಒಪ್ಪಲಿಲ್ಲ. ಕೊನೆಗೂ ಹೂಂ ಎಂದದ್ದು ಎಂಜಿನ್ನಿನ ಸಿಲಿಂಡರ್ ಒಂದು ಸೀಳು ಬಿಟ್ಟ ವಾರ! ಊರೆಲ್ಲ ಸ್ಪ್ಯಾನರ್ ಎಂದೇ ಕರೆಯುವ ನಮ್ಮ ಮೆಕ್ಯಾನಿಕ್ ಟರ್ಬೊ, ಕೊಳವೆ, ಕ್ಲಿಪ್ಪು ಎಲ್ಲವನ್ನೂ ಬಿಚ್ಚಿ, ಹೊಸ ಸಿಲಿಂಡರ್ ಕೂರಿಸಿ ಮುಗಿಸುವಷ್ಟರಲ್ಲಿ ಇವರಿಗೆ ಮಂಚ ಬಿಟ್ಟು ಏಳಲಾಗುತ್ತಿರಲಿಲ್ಲ. ಡಾಕ್ಟರು ನನ್ನನ್ನು ವರಾಂಡಕ್ಕೆ ಕರೆದರು. "ಆದಷ್ಟು ಬೇಗ ಕೆಳಗಿಳಿಸಿ. ರಸ್ತೆಯಲ್ಲಿ ಮಾತ್ರ ಬೇಡ. ಆ ದಾರಿ ನಮ್ಮೂರಿಗಿಂತ ಮೇಲಕ್ಕೆ ಹತ್ತಿ ಇಳಿಯುತ್ತೆ. ಜೀಪಲ್ಲಿ ಅಷ್ಟು ಹೊತ್ತು ತಡ್ಕೊಳ್ಳಲ್ಲ" ಎಂದರು. ನಮ್ಮ ಗಿಡ್ಡ ರನ್‌ವೇಗೆ ಬೇರೆ ವಿಮಾನ ಬರುವುದಿಲ್ಲ. ನಮ್ಮದೊಂದೇ.

ಸ್ಪ್ಯಾನರ್ ಅಡ್ಡ ನಿಂತ. "ಅಕ್ಕೋರೇ, ಇಷ್ಟೊಂದು ಬಿಚ್ಚಿ ಕಟ್ಟಿದ ಎಂಜಿನ್ ಇದು. ಊರ ಮೇಲೆ ನಾಲ್ಕು ದಿನ ಸುತ್ತಾಡ್ಸಿ, ಮತ್ತೆ ಮುಚ್ಚಳ ತೆಗೆದು ಎಲ್ಲಾ ಕ್ಲಿಪ್ಪು ಬಿಗಿ ನೋಡ್ದೆ ಬೆಟ್ಟ ದಾಟಬೇಡಿ."

"ನಾಲ್ಕು ದಿನ ಇಲ್ಲ ಕಣೋ" ಎಂದೆ.

ಇವರು ಸ್ಟ್ರೆಚರಿನ ಮೇಲಿಂದಲೇ, "ಅವನು ಹೇಳೋದು ಸರಿ... ಒಂದೇ ಎಂಜಿನ್ನು... ನೀನೂ ಕೂತಿರ್ತೀಯ" ಎಂದರು. ಅಷ್ಟು ಹೇಳುವುದಕ್ಕೆ ಮೂರು ಸಲ ಉಸಿರೆಳೆದುಕೊಂಡರು.

"ನಾನು ಕೂರದೆ ನೀವೊಬ್ಬರೇ ಹೋಗ್ತೀರಾ? ಸುಮ್ನಿರಿ" ಎಂದು ಗದರಿದೆ. ಸ್ಪ್ಯಾನರ್ ಇವರನ್ನು ಮಗುವಿನಂತೆ ಎತ್ತಿ ಬಲಗಡೆಯ ಸೀಟಿನಲ್ಲಿ ಕೂರಿಸಿದ. ಹಿಂದಿನ ಸೀಟಿನಲ್ಲಿ ಮಲಗಿಸೋಣವೆಂದರೆ ಇವರು ಕೇಳಲಿಲ್ಲ.

ಏರುವವರೆಗೆ ಎಲ್ಲ ಚೆನ್ನಾಗಿತ್ತು. ಬೆಳಗಿನ ಬಿಸಿಲು, ಒಂದು ಮೋಡವಿಲ್ಲ. ಮುಂದೆ ಹಿಮದ ಸಾಲು, ಅದರ ನಡುವೆ ನಾವು ದಾಟಬೇಕಾದ ಕಂಡಿ. ಇವರು ಮೂಗಿಗೆ ಹಾಕಿದ್ದ ಆಮ್ಲಜನಕದ ನಳಿಕೆಯಲ್ಲಿ ಉಸಿರೆಳೆಯುತ್ತಾ ಮೀಟರುಗಳನ್ನೇ ನೋಡುತ್ತಿದ್ದರು. ನನ್ನ ಕಡೆ ತಿರುಗಿ ಹುಬ್ಬು ಕುಣಿಸಿದರು.

ಆಗ "ಡಬ್" ಎಂದಿತು. ಕಿವಿಯೊಳಗೆ ಚೂರಿ ಹಾಕಿದಂತಾಯಿತು. ಒಂದು ಕ್ಷಣ ಕ್ಯಾಬಿನ್ ತುಂಬ ಬಿಳಿ ಮಂಜು, ಇವರ ಮುಖವೇ ಕಾಣಲಿಲ್ಲ. ಟರ್ಬೊದ ಕೊಳವೆ ಕಳಚಿಕೊಂಡಿತ್ತು. ಎಂಜಿನ್ನಿಗೆ ಹೋಗುವ ಗಾಳಿಯೂ ಅದೇ, ನಮಗೆ ಬರುವ ಗಾಳಿಯೂ ಅದೇ. ಹೋದರೆ ಎರಡೂ ಒಟ್ಟಿಗೇ ಹೋಗುತ್ತವೆ. ಮೂತಿಯ ಪ್ರೊಪೆಲರ್ ತಿರುಗುತ್ತಿತ್ತು, ಎಳೆಯುವ ಶಕ್ತಿ ಇರಲಿಲ್ಲ. ವಿಮಾನ ಕುಸಿಯತೊಡಗಿತು.

ಇಂಥ ಹೊತ್ತಿಗೆಂದೇ ಇವರು ನನಗೆ ಬಾಯಿಪಾಠ ಮಾಡಿಸಿದ್ದರು: "ಮೊದಲು ನಿನ್ನ ಮಾಸ್ಕು, ಆಮೇಲೆ ಪಕ್ಕದವರದು. ಪಕ್ಕದಲ್ಲಿ ಯಾರೇ ಇರಲಿ. ನಿನ್ನ ತಲೆ ತಿರುಗಿದ್ರೆ ಇಬ್ಬರೂ ಹೋಗ್ತೀರಿ." ನನ್ನದನ್ನು ಹಾಕಿಕೊಂಡೆ. ಇವರದು ಬಲಗಡೆಯ ಗೋಡೆಯ ಪೆಟ್ಟಿಗೆಯಲ್ಲಿತ್ತು. ಅದಕ್ಕೆ ಕೈ ಚಾಚಬೇಕೆಂದರೆ ವಿಮಾನ ಹೊರಳಿಸುವ ಹಿಡಿಕೆ ಬಿಡಬೇಕು. ಎದುರಿಗೆ ಬಂಡೆ. ಹಿಂದಕ್ಕೆ ತಿರುಗಿಸುವಷ್ಟು ಎತ್ತರವೂ ಉಳಿದಿರಲಿಲ್ಲ. "ಮಾಸ್ಕ್ ತಗೊಳ್ರೀ! ನಿಮ್ಮ ಪಕ್ಕದಲ್ಲೇ ಇದೆ, ತಗೊಳ್ರೀ!" ಎಂದು ಕಿರುಚಿದೆ. ಇವರು ಪೆಟ್ಟಿಗೆಯ ಕಡೆ ನೋಡಲೇ ಇಲ್ಲ. ಕೈಯೆತ್ತಿ ಕಂಡಿಯ ಎಡಕ್ಕೆ ಬೆರಳು ತೋರಿಸಿದರು. ಅಲ್ಲಿ ತಗ್ಗಿತ್ತು, ನನಗೆ ಕಂಡಿರಲಿಲ್ಲ. ಆ ಬೆರಳನ್ನೇ ನಂಬಿ ಹೊರಳಿಸಿದೆ. ಹಿಮ ಹೊಟ್ಟೆಗೆ ತಾಗಿತೇನೋ ಎನ್ನುವಷ್ಟು ಹತ್ತಿರದಲ್ಲಿ ಸರಿದುಹೋಯಿತು. ದಾಟಿದೆವು. ಆಚೆ ಬದಿ ಕಾಣುವಷ್ಟರಲ್ಲಿ ಆ ಕೈ ಇವರ ತೊಡೆಯ ಮೇಲೆ ಬಿದ್ದಿತ್ತು.

ಹಿಡಿಕೆಯನ್ನು ಮೊಣಕಾಲಲ್ಲಿ ಅದುಮಿಕೊಂಡು ಮಾಸ್ಕನ್ನು ಇವರ ಮುಖಕ್ಕೆ ಒತ್ತಿದೆ. ಮೂತಿ ಕೆಳಗೆ ಮಾಡಿ ಬಿದ್ದಂತೆಯೇ ಇಳಿಸಿದೆ. ಕೆಳಗೆ ಹಸಿರು, ಬೆಚ್ಚಗಿನ ದಪ್ಪ ಗಾಳಿ. ಹೊಲಕ್ಕೆ ಔಷಧಿ ಹೊಡೆಯುವ ವಿಮಾನಗಳ ಮಣ್ಣಿನ ಪಟ್ಟಿಯೊಂದು ಸಿಕ್ಕಿತು. ಇಳಿದಾಗ ಇವರ ತುಟಿ ಕೆಂಪಗಿತ್ತು. ಕಣ್ಣು ತೆರೆದಿರಲಿಲ್ಲ.

ಸ್ಪ್ಯಾನರ್ ರಸ್ತೆಯಲ್ಲಿ ಇಳಿದು ಬಂದ. ಸಡಿಲಾಗಿದ್ದ ಕ್ಲಿಪ್ಪನ್ನು ಅಂಗೈಯಲ್ಲಿಟ್ಟುಕೊಂಡು, "ನನ್ನ ಕೈಯಲ್ಲೇ ಹೀಗಾಯ್ತಲ್ಲಕ್ಕಾ" ಎಂದು ಅತ್ತ. "ನೀನು ಬೇಡ ಅಂದಿದ್ದೆ ಕಣೋ" ಎಂದೆ. ಅವನಿಗೆ ಅದು ಕೇಳಿಸಲಿಲ್ಲ. ವಿಮಾನ ಆ ಪಟ್ಟಿಯ ಅಂಚಿನಲ್ಲಿ ತಗಡಿನ ಚಪ್ಪರದ ಕೆಳಗೆ ನಿಂತಿದೆ. ಕೊಳ್ಳುವವರೊಬ್ಬರು ಬಂದು ರೆಕ್ಕೆ ತಟ್ಟಿ ನೋಡಿ ಹೋದರು. ಕೊಟ್ಟುಬಿಡಬೇಕೆಂದಿದ್ದೇನೆ. ಮತ್ತೆ ಆ ಎಡಗಡೆಯ ಸೀಟಿನಲ್ಲಿ ಕೂರಲು ನನ್ನಿಂದಾಗದು.

ಇವರ ಆರೋಗ್ಯ ಸುಧಾರಿಸಿದೆ. ನಳಿಕೆ ಇಲ್ಲದೆ ನಿದ್ದೆ ಮಾಡುತ್ತಾರೆ, ಮೆಟ್ಟಿಲು ಇಳಿಯುತ್ತಾರೆ, ಊಟ ಕೇಳಿ ಬಡಿಸಿಕೊಳ್ಳುತ್ತಾರೆ. ಭಾವ ರಜೆ ಹಾಕಿ ನಮ್ಮನ್ನು ಕರೆದೊಯ್ಯಲು ಬರುತ್ತಾರೆಂದು ಬರೆದಿದ್ದೀಯ. ಬೇಡ ಅಕ್ಕಾ. ಈಗಲೇ ಯಾರೂ ಬರಬೇಡಿ. ನಮಗಾಗಿ ಸುಣ್ಣ ಹೊಡೆಸಿದ ಕೋಣೆ ಹಾಗೇ ಇರಲಿ. ಯಾಕೆ ಎಂದು ಕೇಳಬೇಡ. ನಿನ್ನ ಮುಖ ಕಂಡರೆ ನಾನು ನಿಂತಲ್ಲೇ ಕುಸಿದುಹೋಗುತ್ತೇನೆ. ಸದ್ಯ ನಾನು ಕುಸಿಯುವಂತಿಲ್ಲ.

ಮಕ್ಕಳಿಗೆ ಚಿಕ್ಕಮ್ಮನ ಮುತ್ತು. ದೊಡ್ಡವಳಿಗೆ ಹೆರಿಗೆ ಸುಸೂತ್ರವಾಗಲಿ, ತಾಯಿ ಮಗು ತಣ್ಣಗಿರಲಿ. ನನ್ನ ತಲೆಯ ಮೇಲೆ ನಿನ್ನ ಕೈ ಇದೆಯೆಂದುಕೊಂಡೇ ಇದನ್ನು ಮುಗಿಸುತ್ತಿದ್ದೇನೆ.

ನಿನ್ನ
ಪುಟ್ಟಿ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಒಡೆದೆ. ನಿನಗಲ್ಲದೆ ಯಾರಿಗೆ ಹೇಳಲಿ. ನಿನ್ನೆ ಇವರನ್ನು ವಿಮಾನದ ಹತ್ತಿರ ಕರೆದೊಯ್ದಿದ್ದೆ. ಟರ್ಬೊ ಗುರುತಿಸಿದರು, ಬಾಗಿಲ ರಬ್ಬರಿನ ಮೇಲೆ ಕೈಯಾಡಿಸಿ "ಇದು ಹಳೇದಾಗಿದೆ" ಎಂದರು. ನನ್ನನ್ನು ಗುರುತಿಸಲಿಲ್ಲ. ಗಾಳಿಯಿಲ್ಲದೆ ಕಳೆದ ಆ ಹೊತ್ತು ಏನನ್ನು ಒಯ್ದಿತೋ, ಅದು ಮರಳುವ ಭರವಸೆ ಇಲ್ಲವೆಂದು ಡಾಕ್ಟರು ಹೇಳುತ್ತಾರೆ. ಇವರು ನನ್ನನ್ನು "ನೀವು" ಎನ್ನುತ್ತಾರೆ, ಅಕ್ಕಾ. ಸಂಜೆ ಊಟ ಬಡಿಸಿ ತಟ್ಟೆ ಎತ್ತುವಾಗ, "ನೀವು ತುಂಬಾ ಚೆನ್ನಾಗಿ ನೋಡ್ಕೋತೀರಿ ತಾಯಿ. ಕತ್ತಲಾಗ್ತಾ ಬಂತು, ಮನೇಲಿ ನಿಮ್ಮ ಯಜಮಾನ್ರು ಕಾಯ್ತಿರ್ತಾರೆ, ಹೊರಡಿ" ಎಂದರು. ಹೊರಟೆ. ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತಿದ್ದು, ಬಾಗಿಲು ತಟ್ಟಿ ಒಳಗೆ ಬಂದೆ. "ಬನ್ನಿ, ಬನ್ನಿ" ಎಂದು ಎದ್ದು ಕುರ್ಚಿ ಬಿಟ್ಟುಕೊಟ್ಟರು.