ನನ್ನ ಫೋನಿನಲ್ಲಿ ನಿನ್ನ ದನಿ

ಹಿರಿಯ ಮಗನಿಗೆ,

ನಾನು ನಿನ್ನ ತಾಯಿ, ಮೂವತ್ತು ವರ್ಷದಿಂದ ಈ ಪ್ರೆಸ್ಸಿನ ಒಡತಿ. ನನ್ನ ಮರೆವಿಗೆ ಸಾಕ್ಷಿ ಹಿಡಿಯಲು ನೀನು ನನ್ನ ಫೋನಿಗೆ ಕರೆ ರೆಕಾರ್ಡ್ ಮಾಡುವ ತಂತ್ರಾಂಶ ಹಾಕಿದೆ. "ಪೂರ್ತಿ ಬಿಟ್ಟಿ ಅಮ್ಮ, ಒಳಗಿನ ಕೋಡನ್ನೂ ಯಾರು ಬೇಕಾದ್ರೂ ಬಿಚ್ಚಿ ನೋಡ್ಬಹುದು" ಎಂದು ನಕ್ಕೆ. ರೆಕಾರ್ಡ್ ಆದದ್ದೆಲ್ಲ ತಾನಾಗಿ ಆಫೀಸಿನ ಕಂಪ್ಯೂಟರಿಗೆ ಬರುವಂತೆ ಮಾಡಿದವನೂ ನೀನೇ.

ಮಂಗಳವಾರ ನನ್ನ ಫೋನಿನಿಂದಲೇ ನೀನು ವೈದ್ಯರ ಜೊತೆ ಮಾತಾಡಿದೆ. ಕರಡು ತಿದ್ದಲು ಆ ಕಂಪ್ಯೂಟರಿನ ಮುಂದೆ ಕುಳಿತಾಗ ನಾನು ಅದನ್ನು ಕೇಳಿದೆ: "ಅಮ್ಮಂಗೆ ಅರಳುಮರಳು ಅಂತ ಬರ್ಕೊಡಿ ಡಾಕ್ಟ್ರೇ, ಪ್ರೆಸ್ ನನ್ನ ಕೈಗೆ ಬರುತ್ತೆ." ವೈದ್ಯರು ಛೀಮಾರಿ ಹಾಕಿದ್ದೂ ಅದರಲ್ಲಿದೆ.

ಮರೆವು ಯಾರಿಗೆ?

ಇಂದು ಬೆಳಿಗ್ಗೆ ಪ್ರೆಸ್ಸನ್ನು ನಿನ್ನ ತಂಗಿಯ ಹೆಸರಿಗೆ ಬರೆದು ರುಜು ಹಾಕಿ ಬಂದೆ. ನಿನ್ನ ಊಟದ ಡಬ್ಬಿಯನ್ನು ತೊಳೆದು ಕಾವಲುಗಾರನ ಬಳಿ ಇಟ್ಟಿದ್ದೇನೆ. ತೆಗೆದುಕೊಂಡು ಹೋಗು.

ಇಂತಿ,
ಏನನ್ನೂ ಮರೆಯದ ನಿನ್ನ ತಾಯಿ