ಕೆಂಪು ಗಾಡಿಯೋ ಹಸಿರು ಗಾಡಿಯೋ ಎಂದು ಕುಳಿತವನಿಗೆ

ಎರಡನೆಯ ಜ್ಯೇಷ್ಠದ ಮೂವತ್ತನಾಲ್ಕನೆಯ ದಿನ, ಕ್ರಿ.ಶ. 2191
ಹೊಸಪೇಟೆ

ಲಾರಿ ಬಿಡಿಭಾಗಗಳ ವ್ಯಾಪಾರಿ, ಪೂಜ್ಯ ಪಂಪಣ್ಣನವರಿಗೆ ಆರು ತಲೆಮಾರಿನ ಆಚೆಯಿಂದ ನಿಮ್ಮ ವಂಶದ ಕುಡಿ ಮಾಡುವ ನಮಸ್ಕಾರಗಳು. ‘ಪೂಜ್ಯ’ ಎಂದು ಬರೆದದ್ದು ಪದ್ಧತಿಗಾಗಿ, ಮನಸ್ಸಿನಿಂದಲ್ಲ. ಮೇಲಿನ ತಾರೀಕು ನೋಡಿ ಕಣ್ಣು ಉಜ್ಜಿಕೊಳ್ಳಬೇಡಿ. ನಮ್ಮ ಬೇಸಿಗೆ ಹಿಗ್ಗಿಹೋಗಿದೆ. ಮಳೆ ಬರುವ ತನಕ ಜ್ಯೇಷ್ಠವನ್ನೇ ಎಳೆಯುತ್ತೇವೆ, ಆಷಾಢವನ್ನು ಹೊಸ್ತಿಲಾಚೆ ನಿಲ್ಲಿಸಿರುತ್ತೇವೆ. ನನ್ನ ಕೆಲವು ಮಾತು ನಿಮಗೆ ಅರ್ಥವಾಗದಿದ್ದರೆ ಕ್ಷಮಿಸಿ. ಅರ್ಥವಾದ ಮಾತಿಗೆ ಕ್ಷಮೆ ಕೇಳುವುದಿಲ್ಲ.

ನಿಮ್ಮ ಕೈಯಲ್ಲಿರುವುದು ಹಿನ್ನೋಲೆ. ಹಿಂದಿನ ಕಾಲಕ್ಕೆ ಹೋಗುವ ಕಾಗದ. ಮನೆಗೆ ಒಂದೇ, ಅದೂ ನೂರು ವರ್ಷಕ್ಕೊಮ್ಮೆ. ಪಕ್ಕದ ಮನೆಯವರು ತಮ್ಮದನ್ನು ಖರ್ಚು ಮಾಡಿ ಒಂದು ಬೆಂಕಿ ಅನಾಹುತ ತಪ್ಪಿಸಿದರು. ಎದುರುಮನೆಯವರು ಒಂದು ಕೂಸನ್ನು ಉಳಿಸಿಕೊಂಡರು. ನಮ್ಮ ಮನೆಯ ಓಲೆಯನ್ನು ನಾನು ನಿಮಗಾಗಿ, ಎರಡು ಗಾಡಿ ಮುಂದಿಟ್ಟುಕೊಂಡು ಮೀನಮೇಷ ಎಣಿಸುತ್ತ ಕುಳಿತ ಒಬ್ಬ ಗಂಡಸಿಗಾಗಿ, ಹಾಳು ಮಾಡುತ್ತಿದ್ದೇನೆ. ಓಲೆಮನೆಯ ಗುಮಾಸ್ತೆ ವಿಷಯ ಕೇಳಿ ನಕ್ಕಳು. ನಗಲಿ ಬಿಡಿ, ನಗುವಂಥದ್ದೇ ಅದು.

ಮೊದಲು ಗಾಡಿಯ ಮಾತು. ನಮ್ಮಲ್ಲಿ ಯಾರೂ ಸ್ವಂತ ಗಾಡಿ ಇಟ್ಟುಕೊಳ್ಳುವುದಿಲ್ಲ. ಓಣಿಯ ತುದಿಯಲ್ಲಿ ಸಾಗುಮಣೆ ನಿಂತಿರುತ್ತದೆ. ನಿಮ್ಮ ಅಂಗಡಿಕಟ್ಟೆಯಷ್ಟು ಅಗಲದ ಹಲಗೆ ಅದು. ಹತ್ತಿ ಕುಳಿತು ಊರ ಹೆಸರು ಹೇಳಿದರೆ ಹೊರಡುತ್ತದೆ. ಬೀದಿಗಳಿಗೆಲ್ಲ ಚಾವಣಿ ಇದೆ, ಅವಕ್ಕೆ ನೆರಳುಬೀದಿ ಎನ್ನುತ್ತೇವೆ. ತೊಟ್ಟಿಲಿಗೆ ನೆರಳು, ಬಾವಿಗೆ ನೆರಳು, ಹೆಣದ ಮೆರವಣಿಗೆಗೂ ನೆರಳು. ಅಂಥ ನಮಗೆ, ಒಬ್ಬ ಮನುಷ್ಯ ಹೊಸಪೇಟೆಯ ಬಿಸಿಲಿನಲ್ಲಿ, ಅದಿರಿನ ಕೆಂಧೂಳಿನಲ್ಲಿ, ತಲೆಯ ಮೇಲೆ ಸೂರಿಲ್ಲದ ಗಾಡಿಯನ್ನೇ ಬೇಕೆಂದು ಹುಡುಕುತ್ತಿದ್ದ ಎಂದರೆ ಹೇಗಿರುತ್ತದೆ, ನೀವೇ ಯೋಚಿಸಿ! ಮಕ್ಕಳಿಗೆ ಈ ಕಥೆ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ.

ನಿಮ್ಮ ನೋಟುಬುಕ್ಕು ನನ್ನ ಹತ್ತಿರ ಇದೆ. ನಲವತ್ತೊಂದು ಪುಟ. ಎಡಕ್ಕೆ ‘ಕೆಂಪು, ಪುಣೆ’, ಬಲಕ್ಕೆ ‘ಹಸಿರು, ಕೊಯಮತ್ತೂರು’. ಎರಡೂ ಇಂಗ್ಲೆಂಡಿನಲ್ಲಿ ಹುಟ್ಟಿ ಈಗ ಆ ಊರುಗಳಲ್ಲಿ ಮಾರಾಟಕ್ಕಿರುವ, ನಿಮಗಿಂತ ಹಳೆಯ ಕಾರುಗಳು. ಎರಡಕ್ಕೂ ಎರಡೇ ಸೀಟು. ಕೆಂಪಿನದು ಕಡ್ಡಿಚಕ್ರ, ಸದ್ದು ‘ಎದೆ ನಡುಗಿಸುವಂಥದ್ದು’, ಆದರೆ ಮಡಚುವ ಮೇಲ್ಹೊದಿಕೆ ಹರಿದಿದೆ. ಹಸಿರಿನದು ಮರದ ಸ್ಟೀರಿಂಗು, ಮೈಕಟ್ಟು ‘ರಾಜಮನೆತನದ್ದು’, ಆದರೆ ನಿಂತಲ್ಲಿ ಆಯಿಲ್ ಸೋರುತ್ತದೆ. ಇದನ್ನೇ ಯುಗಾದಿಯಿಂದ ಅಳೆದೂ ಸುರಿದೂ ಬರೆದಿದ್ದೀರಿ. ಒಂದು ಪುಟದಲ್ಲಿ ಹಾರನ್ನುಗಳ ಹೋಲಿಕೆಯೇ ಇದೆ, ಎರಡನ್ನೂ ಫೋನಿನಲ್ಲಿ ಕೇಳಿ ಬರೆದದ್ದು. ದೇವರ ಮುಂದೆ ಕುಳಿತು ಹೂವಿನ ಪ್ರಸಾದ ಕೇಳಿದಿರಿ: ಬಲಕ್ಕೆ ಬಿದ್ದರೆ ಕೆಂಪು, ಎಡಕ್ಕೆ ಬಿದ್ದರೆ ಹಸಿರು. ಒಂದು ತಾಸು ಕಾದರೂ ಹೂ ಬೀಳಲೇ ಇಲ್ಲ. ದೇವರಿಗೂ ಸಾಕಾಗಿತ್ತು. ಇಷ್ಟರ ನಡುವೆ ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬಂತೆ ಚರ್ಮದ ಕೈಗವಸು ತರಿಸಿ, ನಲವತ್ತೆರಡು ಡಿಗ್ರಿ ಸೆಖೆಯಲ್ಲಿ ಅಂಗಡಿಯೊಳಗೆ ಹಾಕಿಕೊಂಡು ಕುಳಿತಿದ್ದೀರಿ. ಥೂ!

ಹಾಸ್ಯ ಇಲ್ಲಿಗೆ ಸಾಕು. ನಿಮ್ಮ ಬುಕ್ಕಿನಲ್ಲಿ ಇಲ್ಲದ್ದನ್ನು ಹೇಳುತ್ತೇನೆ. ಈಗ ಕಾಲೇಜಿಗೆ ಹೋಗುತ್ತಿರುವ ನಿಮ್ಮ ಮಗಳು ತುಂಗಾ, ಮುಪ್ಪಿನಲ್ಲಿ ಮಾತಿನ ಮಡಕೆಯಲ್ಲಿ ಇಟ್ಟುಹೋದದ್ದು ಇದು. ಸತ್ತವರ ದನಿಯನ್ನು ನಾವು ಮನೆಯಲ್ಲಿ ಹಾಗೆ ಇಟ್ಟುಕೊಳ್ಳುತ್ತೇವೆ. ಹಬ್ಬಕ್ಕೊಮ್ಮೆ ಮುಚ್ಚಳ ತೆಗೆದು ಕೇಳುತ್ತೇವೆ. ನಿಮ್ಮ ಕಾಲದ ಈ ಬೇಸಿಗೆಯಲ್ಲಿ ತುಂಗಭದ್ರಾ ಡ್ಯಾಮಿನ ನೀರು ಎಂದೂ ಇಳಿಯದಷ್ಟು ಇಳಿದಿದೆ. ನಿಮ್ಮ ತಾಯಿ ಎಂಟು ವರ್ಷದವರಿದ್ದಾಗ ಮುಳುಗಿದ ಬಾಳಾಪುರ, ಅವರ ತವರೂರು, ಕೆಸರಿನಿಂದ ತಲೆ ಎತ್ತಿದೆ. ಆ ತಾಯಿ ನಿಮ್ಮ ಎದುರು ಬಂದು ಕುಳಿತು ಕೇಳಿದ್ದು ಇಷ್ಟು: “ಯಪ್ಪಾ, ನಮ್ಮೂರ ಹನುಮಪ್ಪನ ಗುಡಿ ಕಾಣಾಕತ್ತೈತಂತ. ಅದರ ಕಟ್ಟಿ ಮ್ಯಾಲ ನಾನೂ ನಮ್ಮಕ್ಕನೂ ಚೌಕಾಬಾರದ ಮನಿ ಕೊರದಿದ್ವಿ. ಒಂದ್ಸಲ ಕರ್ಕೊಂಡು ಹೋಗಿ ಬಾರೋ, ನೋಡಿ ಬರ್ತೀನಿ.” ನೀವು ಬುಕ್ಕಿನಿಂದ ತಲೆ ಎತ್ತದೆ ಹೇಳಿದ್ದು: “ತಡಿಯವ್ವ, ಗಾಡಿ ಬರ್ಲಿ. ಮ್ಯಾಲಿನ ಹೊದಿಕಿ ತಗದು ರಾಣಿ ಹಂಗ ಕರ್ಕೊಂಡು ಹೋಗ್ತೀನಿ.”

ಆ ಹೊತ್ತಿಗೂ ಅಂಗಳದಲ್ಲಿ ನಿಮ್ಮ ಹಳೆಯ ವ್ಯಾನು ಎಣ್ಣೆ ತುಂಬಿಕೊಂಡು ನಿಂತಿತ್ತು. ಆಟೋದಲ್ಲಿ ಕರೆದೊಯ್ಯುತ್ತೇನೆ ಎಂದು ತುಂಗಾ ಹೇಳಿದರೆ ಅಜ್ಜಿ ಒಪ್ಪಲಿಲ್ಲ. “ಮಗ ಕರ್ಕೊಂಡು ಹೋಗ್ತೀನಿ ಅಂದಾನ. ಅವನ ಮಾತು ಮುರೀಬಾರ್ದವ್ವ” ಎಂದರು. ದಿನಾ ಬೆಳಿಗ್ಗೆ ಎದ್ದು ಇಳಕಲ್ ಸೀರೆ ಉಟ್ಟು ತಯಾರಾಗಿ ಕೂರುತ್ತಿದ್ದರು. ಅದು ನಿಮ್ಮ ಕಣ್ಣಿಗೆ ಬಿದ್ದಿಲ್ಲ. ಕೆಂಪಿನ ಸದ್ದು, ಹಸಿರಿನ ಮೈಕಟ್ಟು, ಅದೇ ನಿಮ್ಮ ಧ್ಯಾನ.

ಮುಂದೆ ಏನಾಯಿತು ಕೇಳಿ, ನಿಮಗೆ ಇನ್ನೂ ಬಾರದ್ದು, ನಮಗೆ ಆಗಿಹೋದದ್ದು. ನೀವು ಹಸಿರು ಎಂದು ತೀರ್ಮಾನಿಸುವ ಹೊತ್ತಿಗೆ ಮಣ್ಣೆತ್ತಿನ ಅಮಾವಾಸ್ಯೆ ಕಳೆದು ಆಷಾಢ ಕಾಲಿಟ್ಟಿತು. ಆಷಾಢದಲ್ಲಿ ಗಾಡಿ ಮನೆಗೆ ತರಬಾರದಲ್ಲ! ಅರವತ್ತು ವರ್ಷ ಯಾರ್ಯಾರದೋ ಕೈಯಲ್ಲಿ ಓಡಿದ ಗಾಡಿಗೆ ಹೊಸ ಸೊಸೆಯ ಶಾಸ್ತ್ರ. ನೀವು ಶ್ರಾವಣಕ್ಕೆ ಕಾದಿರಿ, ಮಲೆನಾಡಿನ ನೀರು ಕಾಯಲಿಲ್ಲ. ಆಷಾಢದಲ್ಲೇ ಡ್ಯಾಮು ತುಂಬಿತು. ಶ್ರಾವಣದ ಮೊದಲ ಸೋಮವಾರ ಗಾಡಿಗೆ ಕುಂಬಳಕಾಯಿ ಒಡೆದು, ಗಾಲಿಗೆ ನಿಂಬೆಹಣ್ಣು ಇಟ್ಟು, ತಾಯಿಯನ್ನು ಕೂರಿಸಿಕೊಂಡು ಡ್ಯಾಮಿನ ದಂಡೆಗೆ ಹೋದಿರಿ. ಕೋಟೆ ಕೊಳ್ಳೆ ಹೋದ ಮೇಲೆ ಊರ ಬಾಗಿಲು ಹಾಕಿದಂತೆ. ಕಣ್ಣು ಹಾಯಿಸಿದಷ್ಟೂ ನೀರು. ಅವರು ಬಹಳ ಹೊತ್ತು ನೋಡಿದರಂತೆ. ಆಮೇಲೆ ನಿಮ್ಮ ಮುಖ ನೋಡಿ, “ಗಾಡಿ ಚಲೋ ಐತಿ ಬಿಡಪ್ಪ” ಎಂದರಂತೆ. ಇನ್ನೂ ಆರು ವರ್ಷ ಬದುಕಿದರು. ಆ ಆರು ವರ್ಷದಲ್ಲಿ ನೀರು ಅಷ್ಟು ಇಳಿಯಲಿಲ್ಲ, ಅವರು ಮತ್ತೆ ಕೇಳಲೂ ಇಲ್ಲ.

ಇನ್ನೊಂದು ಮಾತು, ನಿಮ್ಮ ನಲವತ್ತೊಂದು ಪುಟದಲ್ಲಿ ಎಲ್ಲೂ ಬರದೇ ಹೋದದ್ದು. ಆ ಎರಡೂ ಗಾಡಿಗಳ ಹೊಟ್ಟೆ ನೆಲದಿಂದ ಒಂದು ಗೇಣು ಎತ್ತರವೂ ಇಲ್ಲ. ಬಿರುಕು ಬಿಟ್ಟ ಆ ಕೆಸರುನೆಲದಲ್ಲಿ ಕೆಂಪಾಗಲಿ ಹಸಿರಾಗಲಿ ಹತ್ತು ಮಾರು ಹೋಗುತ್ತಿರಲಿಲ್ಲ. ಬಾಳಾಪುರದ ತನಕ ಹೋಗಬಲ್ಲ ಗಾಡಿ ನಿಮ್ಮ ಮನೆಯಲ್ಲಿ ಇದ್ದದ್ದು ಒಂದೇ, ಆ ಹಳೆಯ ವ್ಯಾನು. ನಿಮ್ಮ ಹಸಿರು ರಾಜಕುಮಾರ ಈಗ ನಮ್ಮ ಹಿತ್ತಿಲಲ್ಲಿದ್ದಾನೆ. ಅವನ ಸೀಟಿನಲ್ಲಿ ಕೊತ್ತಂಬರಿ ಹಾಕಿದ್ದೇವೆ, ಚೆನ್ನಾಗಿ ಬರುತ್ತದೆ.

ನಾನೇ ಹೋಗಿ ನೋಡಿ ಬರೋಣವೆಂದರೆ ಡ್ಯಾಮು ಎಂದೋ ಹೂಳು ತುಂಬಿ ಹೊಲವಾಗಿದೆ. ಹೂಳುಹೊಲ ಎನ್ನುತ್ತೇವೆ, ಸಜ್ಜೆ ಬೆಳೆಯುತ್ತೇವೆ. ಬಾಳಾಪುರ ಅದರ ಕೆಳಗೆ ನಲವತ್ತು ಅಡಿ ಆಳದಲ್ಲಿದೆ. ಆ ಕಟ್ಟೆಯನ್ನು ಇನ್ನು ಯಾರೂ ನೋಡುವ ಹಾಗಿಲ್ಲ. ನೋಡಬಹುದಾದವರು ಒಬ್ಬರೇ, ಈಗ ನಿಮ್ಮ ಪಡಸಾಲೆಯಲ್ಲಿ ಕುಳಿತಿದ್ದಾರೆ.

ಈ ಓಲೆ ನಿಮ್ಮ ಕೈಗೆ ಸೇರುವುದು ಮಣ್ಣೆತ್ತಿನ ಅಮಾವಾಸ್ಯೆಗೆ ನಾಲ್ಕು ದಿನ ಮೊದಲು, ಬೆಳಗಿನ ಹೊತ್ತು. ನೀರು ಇನ್ನೂ ಬಂದಿಲ್ಲ. ಓಲೆ ತಲುಪುತ್ತದೆ ಎಂದು ಗುಮಾಸ್ತೆ ಹೇಳಿದ್ದಾಳೆ, ಓದಿದವರು ಮಾತು ಕೇಳುತ್ತಾರೆ ಎಂದು ಹೇಳಿಲ್ಲ. ಹಿರಿಯರನ್ನು ಹೀಗೆಲ್ಲ ಬಯ್ಯಬಹುದೇ ಎಂದು ನೀವು ಕೇಳಬಹುದು. ತುಂಗಾ ತನ್ನ ಮೊಮ್ಮಗಳಿಗೆ ತನ್ನ ಅಜ್ಜಿಯ, ಅಂದರೆ ನಿಮ್ಮ ತಾಯಿಯ, ಹೆಸರು ಇಟ್ಟಳು. ಆ ಹೆಸರು ಇಳಿದು ಇಳಿದು ನನಗೆ ಬಂದಿದೆ. ಹೆಸರು ಹೊತ್ತವರು ಆ ಹಿರಿಯರೇ ಎಂದು ನಂಬುವ ಮನೆ ನಮ್ಮದು. ಆದ್ದರಿಂದ, ನಿಮ್ಮ ತಾಯಿ ಎಂದೂ ಆಡದ ಮಾತನ್ನು ನಾನು ಆಡುತ್ತೇನೆ.

ಏಳೋ ಪಂಪಾ. ಆ ಬುಕ್ಕು ಮುಚ್ಚು, ಕೈಗವಸು ಬಿಚ್ಚು. ವ್ಯಾನಿನ ಕೀಲಿ ಮೊಳಿಗೆ ನೇತು ಹಾಕೈತಿ, ತಗೋ. ನಾ ಆಗಲೇ ಸೀರಿ ಉಟ್ಟು ಕುಂತೀನಿ.

ಇತಿ,
ಹುಲಿಗೆಮ್ಮ