ಎರಡು ತುದಿಯ ಕಾರ್ಡುಗಳು

ಜೂನ್ 3, ಮಂಗಳವಾರ. ಬೆಳಿಗ್ಗೆ

ಇವತ್ತೂ ಅದೇ ಕಾರ್ಡು. ಸುತ್ತ ಕತ್ತಿಗಳು, ನಡುವೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನಿಂತ ಹೆಂಗಸು. ಚೆನ್ನಾಗಿ ಕಲಸಿಯೇ ತೆಗೆದದ್ದು. ಆದರೂ ಬಂದು ವಕ್ಕರಿಸಿದಳು. ಪುಸ್ತಕದಲ್ಲಿ ಅರ್ಥ ನೋಡಿದೆ — ಸಿಕ್ಕಿಹಾಕಿಕೊಂಡಿರುವುದು, ದಾರಿ ತೋಚದಿರುವುದು. ಇದನ್ನು ಹೇಳಲು ಕಾರ್ಡು ಬೇಕಿತ್ತೆ? ಅಕ್ಕನನ್ನು ಕೇಳಿದ್ದರೆ ಪುಕ್ಕಟೆ ಹೇಳುತ್ತಿದ್ದಳು.

ದಿನಕ್ಕೊಂದು ಕಾರ್ಡು ತೆಗೆದು, ಕಂಡದ್ದನ್ನು ಬರೆದಿಡಬೇಕು, ಯಾರಿಗೂ ತೋರಿಸಬಾರದು ಎಂದು ಟ್ಯಾರೋ, ಅಂದರೆ ಈ ಭವಿಷ್ಯದ ಕಾರ್ಡು, ಕಲಿಸುವ ಟೀಚರ್ ಅಪ್ಪಣೆ. ಸರಿ, ಕಂಡದ್ದು: ಅವಳ ಕಾಲು ಕಟ್ಟಿಲ್ಲ. ಅಷ್ಟೇ. ಕನ್ನಡಕದ ಅಂಗಡಿಗೆ ಹೊತ್ತಾಯಿತು.

ಜೂನ್ 5, ಗುರುವಾರ

ಅಂಗಡಿಯಲ್ಲಿ ಒಬ್ಬರು ತಾತ, ಇದ್ದಬದ್ದ ಫ್ರೇಮುಗಳನ್ನೆಲ್ಲ ಹಾಕಿ ನೋಡಿ ಕೊನೆಗೆ ಹಳೆಯ ಕನ್ನಡಕವನ್ನೇ ಒರೆಸಿಕೊಂಡು ಹೋದರು. ಹೋಗುವಾಗ, “ನಿಮ್ಮ ಕನ್ನಡೀಲಿ ನಾನು ಚೆನ್ನಾಗಿ ಕಾಣ್ತೀನಮ್ಮ” ಎಂದರು. ಕೋಪ ಬರಲಿಲ್ಲ. ದಿನವಿಡೀ ನನ್ನ ಕೆಲಸವೇ ಇದು. ಮೂಗಿನ ಮೇಲೆ ಫ್ರೇಮ್ ಕೂರಿಸುವುದು, ಕಿವಿ ಹಿಂದೆ ನೋವಾಗುತ್ತದೆಯೇ ಎಂದು ಕೇಳುವುದು, ಕನ್ನಡಿ ಹಿಡಿಯುವುದು.

ಸಂಜೆ ಅಕ್ಕನ ಪ್ರಶ್ನೆ: “ಆ ಕ್ಲಾಸಿಗೆ ಹೋಗಿ ಏನ್ ಸಿಗುತ್ತೆ ನಿಂಗೆ?”

ಮುಂದೆ ಏನಾಗುತ್ತದೆ ಎಂದು ಯಾರಾದರೂ ಹೇಳಲಿ ಎಂಬ ಆಸೆ — ಇದನ್ನು ಬಾಯಿಬಿಟ್ಟು ಹೇಳುವುದು ಹೇಗೆ? ಮದುವೆ ಮುರಿದು ಅಕ್ಕ-ಭಾವನ ಮನೆಯ ಕೆಳಗಿನ ಕೋಣೆಗೆ ಬಂದಾಗಿನಿಂದ ಎಲ್ಲರೂ ನನ್ನ ಹತ್ತಿರ ಹುಷಾರಾಗಿ ಮಾತಾಡುತ್ತಾರೆ. ಗಾಜಿನ ಪಾತ್ರೆ ಎತ್ತಿಡುವ ಹಾಗೆ. ಅಂದು ನನ್ನ ಪೆಟ್ಟಿಗೆಗಳನ್ನು ತಂದದ್ದು ಭಾವ, ತಾವು ಓಡಿಸುವ ಸ್ಕೂಲ್ ವ್ಯಾನಿನಲ್ಲಿ. ದಾರಿಯುದ್ದಕ್ಕೂ ಒಂದು ಪ್ರಶ್ನೆ ಕೇಳಲಿಲ್ಲ. ಇಳಿಯುವಾಗ ಮಾತ್ರ, “ಕೋಣೆ ಕಿಟಕಿ ಸ್ವಲ್ಪ ಬಿಗಿ. ನಾಳೆ ಸರಿ ಮಾಡ್ತೀನಿ” ಎಂದರು. ಮಾಡಿಯೂ ಕೊಟ್ಟರು.

ಜೂನ್ 7, ಶನಿವಾರ

ಕ್ಲಾಸು. ದರ್ಜಿ ಅಂಗಡಿಯ ಮೇಲಿನ ಕೋಣೆ. ಕೆಳಗೆ ಹೊಲಿಗೆ ಯಂತ್ರಗಳ ಸದ್ದು, ಮೇಲೆ ನಾವು ನಾಲ್ಕು ಜನ. ಟೀಚರ್ ಒಂದು ಕಾಲಕ್ಕೆ ಟೈಪಿಂಗ್ ಕಲಿಸುತ್ತಿದ್ದವರು. ಈಗಲೂ ಬೆನ್ನು ಬಗ್ಗಿಸಿ ಕೂತರೆ ಬೈಯುತ್ತಾರೆ.

ನನ್ನ ಸರದಿ. ಜೊತೆಯವಳಿಗೆ ಮೂರು ಕಾರ್ಡು ಹಾಕಿ ಪುಸ್ತಕದ ಅರ್ಥ ಓದಿ ಒಪ್ಪಿಸಿದೆ. ಟೀಚರ್ ಪುಸ್ತಕ ಕಿತ್ತುಕೊಂಡರು.

“ನೀವು ಪುಸ್ತಕ ನೋಡಿದ್ರಿ, ಕಾರ್ಡ್ ನೋಡಿದ್ರಿ. ಎದುರಿಗೆ ಕೂತವರನ್ನ ನೋಡಿದ್ರಾ?”

“ಇಲ್ಲ ಮೇಡಂ.”

“ಭವಿಷ್ಯ ಹೇಳೋ ಅವಸರ ಬೇಡ. ಏನ್ ಕಾಣ್ತಿದೆ ಅಂತ ಅವರನ್ನೇ ಕೇಳಿ. ಆಮೇಲೆ ಸುಮ್ನಿರಿ. ಸುಮ್ನಿರೋದೇ ಕಷ್ಟ.”

ಹೋಮ್‌ವರ್ಕ್: ಮನೆಯವರಿಗೆ ಕಾರ್ಡು ಹಾಕಿ ನೋಡುವುದು. ದೇವರೇ ಕಾಪಾಡಬೇಕು.

ಜೂನ್ 8, ಭಾನುವಾರ

ಅಕ್ಕನಿಗೆ ನೋಡಿದೆ. ಅವಳ ಪ್ರಶ್ನೆ ಒಂದೇ. “ಈ ಮನುಷ್ಯ ಇತ್ತೀಚೆಗೆ ಯಾಕ್ ಹೀಗೆ ಸಿಡುಕ್ತಾರೆ, ಕೇಳು.” ಈ ಮನುಷ್ಯ ಎಂದರೆ ಭಾವ. ಪಕ್ಕದಲ್ಲೇ ಪೇಪರ್ ಓದುತ್ತಿದ್ದರು. ಹಣೆಗೆ ನೋವಿನ ಮುಲಾಮು.

ತೆಗೆದ ಕಾರ್ಡು — ಸಾವು. ಕುದುರೆ ಮೇಲೆ ಅಸ್ಥಿಪಂಜರ. ಅಕ್ಕ ಕುರ್ಚಿ ಬಿಟ್ಟು ಎದ್ದಳು.

“ಅಯ್ಯೋ! ಎತ್ತಿಡೇ ಅದನ್ನ!”

“ಅಕ್ಕಾ, ಅದರರ್ಥ ಸಾಯೋದಲ್ಲ. ಒಂದು ಮುಗಿದು ಇನ್ನೊಂದು ಶುರುವಾಗೋದು. ಹಿಂದೆ ಸೂರ್ಯ ಇದಾನೆ ನೋಡು.”

“ಸೂರ್ಯ ಇದ್ರೆ ಇರ್ಲಿ! ಮುಂದೆ ಯಾರಿದಾರೆ ನೋಡು!”

ಭಾವ ಪೇಪರಿನಿಂದ ತಲೆ ಎತ್ತದೆ, “ಇನ್ಶೂರೆನ್ಸ್ ಕಟ್ಟಿದೀನಿ, ಯೋಚ್ನೆ ಮಾಡ್ಬೇಡ” ಎಂದರು. ನಾನು ನಕ್ಕುಬಿಟ್ಟೆ. ಈ ಮನೆಯಲ್ಲಿ ಅಷ್ಟು ಜೋರಾಗಿ ನಕ್ಕದ್ದು ಇದೇ ಮೊದಲಿರಬೇಕು. ಇಬ್ಬರೂ ನನ್ನನ್ನೇ ನೋಡಿದರು. ಅಂದಿನಿಂದ — ಅಂದರೆ ಇಂದಿನಿಂದ — ಭಾವನ ಬಾಯಲ್ಲಿ ನಾನು ‘ಭವಿಷ್ಯದ ಮೇಡಂ’.

ಜೂನ್ 12, ಗುರುವಾರ

ವ್ಯಾನಿಗೆ ಮತ್ತೆ ಗೀರು. ಹೋದ ತಿಂಗಳು ಎಡಗಡೆ, ಈಗ ಬಲಗಡೆ. ಕನ್ನಡಿಯೂ ಮುರಿದಿದೆ. ಸ್ಕೂಲ್ ಗೇಟಿನ ಕಂಬದ ಮೇಲೆ ಭಾವನಿಗೆ ಎಲ್ಲಿಲ್ಲದ ಸಿಟ್ಟು. ಕಂಬ ತಾನಾಗಿ ಬಂದು ಗುದ್ದಿದ ಹಾಗೆ.

“ಕಣ್ಣು ತೋರಿಸ್ಕೊಳ್ರೀ” ಎಂದಳು ಅಕ್ಕ.

“ಇವಳ ಅಂಗಡೀಲೇ ತೋರಿಸಿಲ್ವಾ? ಕೊನೇ ಸಾಲು ಗಡಗಡ ಓದಿದೀನಿ. ಕೇಳು ಬೇಕಾದ್ರೆ.”

ನಿಜ. ಆ ಪುಟ್ಟ ಅಕ್ಷರಗಳನ್ನು ಹದ್ದಿನ ಹಾಗೆ ಓದಿದ್ದರು. ನಾನೇ ಪಕ್ಕದಲ್ಲಿದ್ದೆ.

ಜೂನ್ 22, ಭಾನುವಾರ. ಮಧ್ಯಾಹ್ನ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಊಟವಾದ ಮೇಲೆ ಭಾವ ತಾವಾಗಿಯೇ, “ಎಲ್ಲಿ, ನಂಗೂ ಒಂದು ನೋಡಿ ಮೇಡಂ” ಎಂದು ಕೂತರು. ಕಾರ್ಡುಗಳನ್ನು ಮಗುಚಿ, ಊಟದ ಮೇಜಿನ ಈ ಕೊನೆಯಿಂದ ಆ ಕೊನೆಯವರೆಗೆ ಬೀಸಣಿಗೆಯ ಹಾಗೆ ಹರಡಿದೆ. ಹರಡುವಾಗ ಎರಡು ಕಾರ್ಡು ಅಂಗಾತ ಬಿದ್ದವು. ಒಂದು ಎಡತುದಿಯಲ್ಲಿ, ಹಳದಿ ಸೂರ್ಯ. ಇನ್ನೊಂದು ಬಲತುದಿಯಲ್ಲಿ, ಕೆಂಪು ನಿಲುವಂಗಿಯ ರಾಜ. ಅಕ್ಕ ನನ್ನ ಹಿಂದೆ ನಿಂತು ಕಿಸಿಕಿಸಿ ನಗತೊಡಗಿದಳು. ಭಾವ ಈಗ ಕಾಲೆಳೆಯುತ್ತಾರೆ ಎಂದು ನಾನೂ ಕಾದೆ.

ಎಳೆಯಲಿಲ್ಲ. ಟೀಚರ್ ಹೇಳಿಕೊಟ್ಟಂತೆ, “ನಡುವೆ ದೃಷ್ಟಿ ಇಡಿ ಭಾವ, ಕೈ ತಾನಾಗಿ ಹೋಗ್ಲಿ” ಎಂದಿದ್ದೆ. ಹಾಗೇ ನೋಡುತ್ತಿದ್ದರು. ಗಂಭೀರವಾಗಿ.

“ಎಲ್ಲಾ ಮಗುಚೇ ಇದೆ ತಾನೆ ಭಾವ?”

“ಹೂಂ. ಎಲ್ಲಾ ಮಗುಚೇ ಇದೆ.”

“ಒಂದೂ ತೆರೆದಿಲ್ವಾ?”

“ನನ್ನೇನು ಕುರುಡ ಅಂದ್ಕೊಂಡ್ಯಾ?”

ಅಕ್ಕನ ನಗು ನಿಂತಿತು. ನನಗೆ ಒಂದೊಂದೇ ನೆನಪಾಯಿತು. ಕಂಬ. ಕನ್ನಡಿ. ಬಾಗಿಲಿಗೆ ತಾಗುವ ಭುಜ. ಅಕ್ಕ ಪಕ್ಕದಲ್ಲಿಟ್ಟ ಚಹಾದ ಲೋಟ ಉರುಳಿ ದಿನಾ ನಡೆಯುವ ಜಗಳ.

ವಾರಕ್ಕೆರಡು ಸಲ ನಮ್ಮ ಅಂಗಡಿಗೆ ಬರುವ ಕಣ್ಣಿನ ಡಾಕ್ಟರು ಒಂದು ಪರೀಕ್ಷೆ ಮಾಡುತ್ತಾರೆ. ನೋಡಿ ನೋಡಿ ಕಲಿತಿದ್ದೇನೆ. “ಒಂದು ಆಟ” ಎಂದೆ. ಒಂದು ಕಣ್ಣು ಮುಚ್ಚಿ ನನ್ನ ಮೂಗನ್ನೇ ನೋಡಿ, ನನ್ನ ಬೆರಳು ಆಡುವುದು ಕಂಡ ತಕ್ಷಣ ಹೇಳಿ. ಬಲಗಣ್ಣಿಗೆ ಬಲಗಡೆ ಕಾಣುತ್ತಿಲ್ಲ. ಎಡಗಣ್ಣಿಗೆ ಎಡಗಡೆ ಇಲ್ಲ. ಬೆರಳು ಹೆಚ್ಚುಕಡಿಮೆ ಮುಖದ ನೇರಕ್ಕೆ ಬರುವವರೆಗೂ “ಇನ್ನೂ ಇಲ್ಲ, ಇನ್ನೂ ಇಲ್ಲ” ಎನ್ನುತ್ತಿದ್ದರು. ನಗುನಗುತ್ತಾ.

ಅಕ್ಷರದ ಬೋರ್ಡು ಎದುರಿಗಿರುತ್ತದೆ. ಎದುರಿಗಿರುವುದೆಲ್ಲ ಅವರಿಗೆ ಕಾಣುತ್ತದೆ.

ಅದೇ ದಿನ, ಸಂಜೆ

ಹೇಳಿದೆ. “ಭಾವ, ನಾಳೆ ವ್ಯಾನ್ ತೆಗೀಬೇಡಿ.”

ನಾನು ಈ ಮನೆಯಲ್ಲಿ ಯಾರಿಗೂ ಇದು ಮಾಡಬೇಡಿ ಎಂದವಳಲ್ಲ. ಅವರಿಗೆ ಮೊದಲು ಅರ್ಥವಾಗಲಿಲ್ಲ. ಆದಾಗ ಮುಖ ಕಪ್ಪಿಟ್ಟಿತು.

“ಎಷ್ಟು ವರ್ಷದಿಂದ ಓಡಿಸ್ತಿದೀನಿ ಗೊತ್ತಾ? ಒಂದು ಮಗೂನ ಉಗುರಿಗೂ ಏನಾಗಿಲ್ಲ. ನೀನು ಇಸ್ಪೀಟ್ ಎಲೆ ಇಟ್ಕೊಂಡು ನಂಗೆ ಹೇಳ್ತೀಯಾ?”

ಅಕ್ಕ ನನ್ನನ್ನು ಅಡುಗೆಮನೆಗೆ ಎಳೆದಳು. “ನಿಜ ಹೇಳು. ಕಾರ್ಡಲ್ಲಿ ಬಂತಾ?”

ಹೂಂ ಎಂದಿದ್ದರೆ ಮುಗಿದಿತ್ತು. ಆ ಅಸ್ಥಿಪಂಜರ ಕಂಡಾಗಿನಿಂದ ಅವಳಿಗೆ ನಿದ್ದೆಯಿಲ್ಲ. ವ್ಯಾನಿನ ಕೀಲಿಯನ್ನು ಸೀರೆಗಳ ಕೆಳಗೆ ಬಚ್ಚಿಟ್ಟುಬಿಡುತ್ತಿದ್ದಳು. ನಾಲಿಗೆ ತುದಿಗೆ ಬಂದಿತ್ತು. ಆದರೆ ನಾಳೆ ಭಾವ ಆ ಮಾತನ್ನು ನಗುತ್ತಾ ತಳ್ಳಿಹಾಕುತ್ತಾರೆ. ಎಲೆಗಳ ಮಾತು ಎಂದು. ನನ್ನ ಮಾತಾದರೆ ತಳ್ಳಲು ನನ್ನ ಮುಖ ನೋಡಬೇಕಾಗುತ್ತದೆ.

“ಇಲ್ಲ ಅಕ್ಕ. ಕಾರ್ಡಲ್ಲಿ ಏನೂ ಬಂದಿಲ್ಲ. ನಾನೇ ನೋಡಿದ್ದು.”

ಭಾವ ಊಟಕ್ಕೆ ಬರಲಿಲ್ಲ.

ಜೂನ್ 23, ಸೋಮವಾರ. ಬೆಳಿಗ್ಗೆ

ಇನ್ನೂ ಮುಖ ತೊಳೆದಿರಲಿಲ್ಲ. ಭಾವ ಕಿಟಕಿಗೆ ಬೆರಳಿನಿಂದ ಬಡಿದರು.

“ಹೊರಗೆ ಬಾ.”

ವ್ಯಾನು ಬೀದಿಯಲ್ಲಿ ನಿಂತಿತ್ತು. ಭಾವ ಹತ್ತಿ ಕೂತರು. ಎಂಜಿನ್ ಹಾಕಲಿಲ್ಲ.

“ನಾನು ನೇರ ನೋಡ್ತಿರ್ತೀನಿ. ನೀನು ಆ ಗೋಡೆ ಕಡೆಯಿಂದ ನಡ್ಕೊಂಡು ಬಾ. ಕಂಡ ತಕ್ಷಣ ಹಾರ್ನ್ ಹೊಡೀತೀನಿ. ಮೋಸ ಮಾಡೋ ಹಾಗಿಲ್ಲ.”

“ಮಾಡಲ್ಲ.”

“ನಾನು ನಂಗೆ ಹೇಳ್ಕೊಂಡಿದ್ದು.”

ಗೋಡೆಯಿಂದ ಹೊರಟೆ. ನಿಧಾನವಾಗಿ, ಮಕ್ಕಳು ಬರುವ ಹಾಗೆ. ಗಾಜಿನಾಚೆ ಅವರ ಕೈ ಹಾರ್ನಿನ ಮೇಲೆ ಸಿದ್ಧವಾಗಿತ್ತು. ಬೀದಿಯ ಅರ್ಧ ಬಂದೆ. ಹಾರ್ನ್ ಇಲ್ಲ. ವ್ಯಾನಿನ ಮುಂದಿನ ದೀಪದ ಹತ್ತಿರ ಬಂದೆ. ಇಲ್ಲ. ದೀಪ ದಾಟಿ ಬಂಪರಿನ ಮುಂದೆ ಬಂದಾಗ ಪೀಂ ಎಂದಿತು. ಅವರೇ ಬೆಚ್ಚಿದರು.

“ಇನ್ನೊಂದು ಕಡೆ.”

ಇನ್ನೊಂದು ಕಡೆಯಿಂದ ಬಂದೆ. ಅಲ್ಲೂ ಅಷ್ಟೇ. ಅಳು ಬರುತ್ತಿತ್ತು. ನುಂಗಿಕೊಂಡು ನಡೆದೆ. ಅಳುತ್ತಾ ಬಂದರೆ ಸದ್ದಿಗೆ ಹಾರ್ನ್ ಹೊಡೆದುಬಿಡುತ್ತಾರೆ ಎನಿಸಿತು.

ಭಾವ ಸ್ಟಿಯರಿಂಗಿನಿಂದ ಕೈ ತೆಗೆದರು. ಆಮೇಲೆ ಇಳಿದು ಕೀಲಿಯನ್ನು ನನ್ನ ಕೈಗಿಟ್ಟು, ಸ್ಕೂಲಿಗೆ ಫೋನ್ ಮಾಡಿದರು. “ಬೇರೆ ಡ್ರೈವರನ್ನ ಕಳ್ಸಿ ಸಾರ್. ಇಲ್ಲ, ಜ್ವರ ಅಲ್ಲ. ನಂಗೆ ಪಕ್ಕ ಕಾಣ್ತಿಲ್ಲ.”

ಎಷ್ಟು ಸಲೀಸಾಗಿ ಹೇಳಿದರು. ನನ್ನಿಂದ ಆಗುತ್ತಿರಲಿಲ್ಲ.

ಜೂನ್ 25, ಬುಧವಾರ

ಡಾಕ್ಟರು ಅಂಗಡಿಗೆ ಬರುವ ದಿನ. ಭಾವನನ್ನೇ ಮೊದಲು ಕೂರಿಸಿದೆ. ನೋಡಿ ಹೇಳಿದರು: ಕಣ್ಣು ಚೆನ್ನಾಗಿದೆ, ಕಣ್ಣಿನ ನರ ಮಿದುಳಿಗೆ ಹೋಗುವ ದಾರಿಯಲ್ಲಿ ಏನೋ ಒತ್ತುತ್ತಿರಬಹುದು, ಕೂಡಲೇ ಸ್ಕ್ಯಾನ್ ಮಾಡಿಸಿ. ಹೇಗೆ ಗೊತ್ತಾಯಿತು ಎಂದೂ ಕೇಳಿದರು. ಕಾರ್ಡು ಹರಡಿದ ಕಥೆ ಹೇಳಿದೆ. ನಗಲಿಲ್ಲ. “ಒಳ್ಳೇದಾಯ್ತು” ಎಂದರು, ಅಷ್ಟೇ.

ಜೂನ್ 30, ಸೋಮವಾರ

ಮೂಗಿನ ಹಿಂದೆ, ತಲೆಯೊಳಗೆ, ಒಂದು ಗಂಟು. ದ್ರಾಕ್ಷಿಯಷ್ಟು. ತಲೆನೋವಿಗೂ ಅದೇ ಕಾರಣವಂತೆ. ಕೆಟ್ಟ ಜಾತಿಯದರಂತೆ ಕಾಣುವುದಿಲ್ಲ, ತೆಗೆದ ಮೇಲೆ ಖಚಿತ ಎಂದರು ದೊಡ್ಡಾಸ್ಪತ್ರೆಯ ಸರ್ಜನ್. ಮೂಗಿನಿಂದಲೇ ತೆಗೆಯುತ್ತಾರೆ. ದೃಷ್ಟಿ ಮರಳುವ ಸಾಧ್ಯತೆ ಹೆಚ್ಚು. ಎಷ್ಟು, ಹೇಳಲಾಗದು.

“ಮೂಗು ತೂರಿಸೋದು ಅಂದ್ರೆ ಇದೇನಾ” — ಭಾವ. ಅಕ್ಕ ಅಳುವ ನಡುವೆಯೇ ಅವರಿಗೊಂದು ಗುದ್ದು ಕೊಟ್ಟಳು.

ಜುಲೈ 9, ಬುಧವಾರ. ಆಸ್ಪತ್ರೆ

ಬೆಳಿಗ್ಗೆ ಭಾವನನ್ನು ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋದರು. ಪ್ಲಾಸ್ಟಿಕ್ ಕುರ್ಚಿಗಳ ಸಾಲು. ಎದುರಿಗೆ ಎರಡು ಬದಿಗೂ ತೆರೆಯುವ ಬಾಗಿಲು. ತೆರೆದಾಗಲೆಲ್ಲ ಅಕ್ಕ ಎದ್ದು ನಿಲ್ಲುತ್ತಾಳೆ.

“ಕಾರ್ಡು ಚೀಲದಲ್ಲಿದೆ ತಾನೆ? ಒಂದೇ ಒಂದು ತೆಗಿ. ಒಳ್ಳೇದು ಬರುತ್ತಾ ನೋಡು.”

ಇತ್ತು. ಕೈ ಹಾಕಿದೆ. ಕಾರ್ಡು ತಣ್ಣಗಿತ್ತು. ಒಳ್ಳೆಯದು ಬಂದರೆ ನಂಬುತ್ತಾಳೆ, ಕೆಟ್ಟದು ಬಂದರೆ ಇನ್ನೂ ಹೆಚ್ಚು ನಂಬುತ್ತಾಳೆ. ತೆಗೆಯಲಿಲ್ಲ.

“ಅಕ್ಕಾ, ಈಗ ನಿಂಗೆ ಕಣ್ಮುಂದೆ ಏನ್ ಬರ್ತಿದೆ? ಹೇಳು.”

ಕೇಳಿ ಸುಮ್ಮನಾದೆ. ಅವಳು ಬಾಗಿಲನ್ನೇ ನೋಡುತ್ತಾ ಶುರುಮಾಡಿದಳು. ಮದುವೆಯ ಹೊಸದರಲ್ಲಿ ಭಾವ ಅವಳಿಗೆ ಸ್ಕೂಟರ್ ಕಲಿಸಲು ಹೋಗಿ ಇಬ್ಬರೂ ತರಕಾರಿ ಗಾಡಿಯ ಮೇಲೆ ಬಿದ್ದದ್ದು. ತೊಡೆಯ ಮೇಲೆ ಟೊಮೆಟೊ ಇಟ್ಟುಕೊಂಡು ನಕ್ಕದ್ದು. ಲೋಟ ಉರುಳಿದ್ದಕ್ಕೆ ತಾನು ದಿನಾ ಬೈದದ್ದು. “ಕಾಣ್ತಿರ್ಲಿಲ್ಲ ಕಣೇ ಅವರಿಗೆ. ನಾನು ಪೊಗರು ಅಂದ್ಕೊಂಡೆ.” ಅತ್ತಳು. ನಕ್ಕಳು. ಬಾಗಿಲು ತೆರೆದಾಗ ಏಳುವುದನ್ನು ಮರೆತಳು.

ಆಮೇಲೆ ಇದ್ದಕ್ಕಿದ್ದಂತೆ ನನ್ನ ಕಡೆ ತಿರುಗಿ: “ನಿಂಗೆ ಗಂಡನ ಮನೇಲಿ ಏನಾಯ್ತು ಅಂತ ನಾವು ಒಂದು ಸಲಾನೂ ಕೇಳ್ಲೇ ಇಲ್ಲ ಅಲ್ವಾ?”

“ಇಲ್ಲ.”

“ಕೇಳಿದ್ರೆ ಹೇಳ್ತಿದ್ಯಾ?”

“ಗೊತ್ತಿಲ್ಲ. ಈಗ ಹೇಳ್ತೀನಿ.”

ಹೇಳಿದೆ. ಆ ಮನೆ, ಆ ಮೌನ, ತಿಂಗಳುಗಟ್ಟಲೆ ಒಂದೇ ಕೋಣೆಯಲ್ಲಿ ಮಾತಿಲ್ಲದೆ ಬದುಕಿದ್ದು. ಮೊದಲ ಸಲ ಜೋರಾಗಿ, ಆಸ್ಪತ್ರೆಯ ಕುರ್ಚಿಯಲ್ಲಿ. ಅಕ್ಕ ಒಂದು ಬುದ್ಧಿಮಾತೂ ಹೇಳಲಿಲ್ಲ. ಕೈ ಹಿಡಿದುಕೊಂಡಿದ್ದಳು.

ಸರ್ಜನ್ ಹೊರಗೆ ಬಂದು ಮುಖಗವಸು ಇಳಿಸಿದಾಗ ನಾವಿಬ್ಬರೂ ಅವರನ್ನು ಗಮನಿಸಿರಲೇ ಇಲ್ಲ. ಪೂರ್ತಿ ತೆಗೆದಿದ್ದೇವೆ ಎಂದರು.

ಜುಲೈ 12, ಶನಿವಾರ

ಮೂಗಿಗೆ ಹತ್ತಿ, ದನಿ ಗೊಗ್ಗರು. ವಾರ್ಡಿನ ನರ್ಸು ಪಕ್ಕದಿಂದ ಬಂದಾಗ ಭಾವ ತಲೆ ತಿರುಗಿಸದೆಯೇ, “ಸಿಸ್ಟರ್, ಇವತ್ತು ಹಸಿರು ಬಳೆ” ಎಂದರು. ನರ್ಸು ಗಾಬರಿ. ಅಕ್ಕ ಅಳುತ್ತಾ ಅವಳಿಗೆ ಥ್ಯಾಂಕ್ಸ್ ಹೇಳಿದಳು. ಬಳೆ ಹಾಕಿಕೊಂಡದ್ದಕ್ಕೆ!

ಆಗಸ್ಟ್ 14, ಗುರುವಾರ

ತೆಗೆದ ಗಂಟಿನ ವರದಿ ಬಂದಿತ್ತು, ಕೆಟ್ಟದ್ದೇನೂ ಇಲ್ಲ. ಇವತ್ತು ದೃಷ್ಟಿಯ ಪರೀಕ್ಷೆ. ಎಡಗಡೆ ಹೆಚ್ಚುಕಡಿಮೆ ಪೂರ್ತಿ ಮರಳಿದೆ. ಬಲಗಡೆ ಮೇಲಿನ ಮೂಲೆಯಲ್ಲಿ ಇನ್ನೂ ಮಬ್ಬು. ವ್ಯಾನು ಸದ್ಯಕ್ಕಿಲ್ಲ, ಮುಂದಿನ ಪರೀಕ್ಷೆಯ ನಂತರ ಹೇಳುತ್ತಾರೆ. ಅಲ್ಲಿಯವರೆಗೆ ಸ್ಕೂಲಿನವರು ವ್ಯಾನುಗಳ ಉಸ್ತುವಾರಿ ಕೊಟ್ಟಿದ್ದಾರೆ. ಗೇಟಿನಲ್ಲಿ ನಿಂತು ಬೇರೆ ಡ್ರೈವರುಗಳಿಗೆ ರಿವರ್ಸ್ ಹೇಳುತ್ತಾರೆ. ಎಲ್ಲರಿಗೂ ಕಾಟ. ಎಲ್ಲರನ್ನೂ ಕಣ್ಣಿನ ಪರೀಕ್ಷೆಗೆ ನಮ್ಮ ಅಂಗಡಿಗೆ ಅಟ್ಟುತ್ತಿದ್ದಾರೆ. ಅಂಗಡಿಯ ಯಜಮಾನರಿಗೆ ಖುಷಿಯೋ ಖುಷಿ.

ಆಗಸ್ಟ್ 23, ಶನಿವಾರ. ಸಂಜೆ

ದರ್ಜಿ ಅಂಗಡಿಯ ಮೇಲೆ. ಇವತ್ತು ಹೊರಗಿನವರು ಬರುತ್ತಾರೆ, ನಾವು ಒಬ್ಬೊಬ್ಬರೇ ಕೂತು ಅವರಿಗೆ ಕಾರ್ಡು ನೋಡಬೇಕು. ಪುಸ್ತಕ ತರಬಾರದು ಎಂದು ಟೀಚರ್ ಕಟ್ಟಪ್ಪಣೆ. ತಂದಿಲ್ಲ. ಅಂಗೈ ಬೆವರಿದೆ. ಅರ್ಥಗಳಲ್ಲಿ ಅರ್ಧ ಮರೆತಿವೆ. ಟೀಚರ್‌ಗೆ ಹೇಳಿದೆ. “ಪರವಾಗಿಲ್ಲ. ಬೆನ್ನು ನೆಟ್ಟಗೆ” ಎಂದರು.

ಬರುವಾಗ ಅಕ್ಕ ಇಸ್ತ್ರಿ ಮಾಡಿದ ತನ್ನ ಸೀರೆ ಕೊಟ್ಟಳು. “ನೀಲಿ ಉಡು, ಧೈರ್ಯ ಬರುತ್ತೆ” ಎಂದು. ಭಾವ ಬಸ್ ಸ್ಟಾಪಿನವರೆಗೂ ಜೊತೆಗೆ ನಡೆದು ಬಂದರು.

ಮೆಟ್ಟಿಲ ಮೇಲೆ ಹೆಜ್ಜೆ. ಒಬ್ಬರು ಹೆಂಗಸು. ನನಗಿಂತ ದೊಡ್ಡವರು. ಕೈಚೀಲವನ್ನು ಎದೆಗವಚಿಕೊಂಡಿದ್ದಾರೆ. ಎಲ್ಲ ಮೇಜುಗಳನ್ನೂ ನೋಡಿದರು. ನನ್ನ ಕಡೆಗೇ ಬರುತ್ತಿದ್ದಾರೆ. ಪೆನ್ನು ಇಡಬೇಕು. ಏನೋ ಕೇಳಬೇಕೆಂದಿದ್ದಾರೆ, ತುಟಿ ಆಗಲೇ ಅಲುಗುತ್ತಿದೆ.